ಮಲೆನಾಡಿನ ಜಗಲಿ, ಇಟಲಿಯ ಸೋಫಾ

ಈಚಿನ ಹತ್ತು ಹದಿನೈದು ವರ್ಷಗಳಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸದ್ಭಕ್ತರ ಮನೆಗಳಿಗೆ ಗೃಹಪ್ರವೇಶ, ಮದುವೆ, ಶಿವಗಣಾರಾಧನೆಗಳ ನಿಮಿತ್ತ ಹೋದಾಗಲೆಲ್ಲ ಒಂದು ಮಾರ್ಪಾಡು ನಮ್ಮ ಗಮನಕ್ಕೆ ಬರುತ್ತಿದೆ. ಮೊದಲೆಲ್ಲ ಮನೆಯ ಯಜಮಾನರು ಬಂದವರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದುದು ಹೆಬ್ಬಾಗಿಲಿನ ಕೆತ್ತನೆಯನ್ನು, ಪೂಜೆಯ ಕೋಣೆಯನ್ನು, ಅನಂತರ ಅಡಕೆ ಹರಡುವ ಅಂಗಳವನ್ನು. ಈಗ ಮೊದಲ ಮರ್ಯಾದೆ ಹಾಲಿನ ಸೋಫಾಸೆಟ್ಟಿಗೆ. ಅದು ಇಟಾಲಿಯನ್ ಮಾದರಿಯದೆಂದೂ ಬೆಂಗಳೂರಿನಿಂದ ಲಾರಿಯಲ್ಲಿ ತರಿಸಿದ್ದೆಂದೂ ಮನೆಯ ಮಕ್ಕಳು ಸಹ ಹೇಳಬಲ್ಲರು. ನೆಲಕ್ಕೆ ಇಟಾಲಿಯನ್ ಮಾರ್ಬಲ್, ಊಟಕ್ಕೆ ಗಾಜಿನ ಮೇಜು, ಗೋಡೆಗೆ ಬೂದುಬಣ್ಣ. ನಗರದ ಬಂಧುಗಳ ಮನೆಯಲ್ಲಿ ಕಂಡದ್ದು ಮಲೆನಾಡಿನ ತೋಟದ ಮನೆಗೂ ಬಂದಿದೆ. ೨೦೨೨ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಸ್ವೀಡನ್ ದೇಶದ ಐಕಿಯಾ ಮಳಿಗೆ ತೆರೆದ ಮೇಲಂತೂ ಯೂರೋಪಿನ ಪೀಠೋಪಕರಣಗಳು ಶ್ರೀಮಂತರ ಸೊತ್ತಾಗಿ ಮಾತ್ರ ಉಳಿದಿಲ್ಲ.

ಇದನ್ನು ಕಂಡು ಹಿರಿಯರಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಪರದೇಶದ ವಸ್ತು ಮನೆಯೊಳಗೆ ಬಂದಿತೆಂಬುದೊಂದೇ ಅವರ ದೂರಾಗಿದ್ದರೆ ಆ ದೂರನ್ನು ನಾವು ಒಪ್ಪಲಾರೆವು. ನಾವು ಕುಳಿತುಕೊಳ್ಳುವ ಕುರ್ಚಿಯ ಹೆಸರು ಅರಬ್ಬೀ ನುಡಿಯಿಂದ ಬಂದದ್ದು. ಬಟ್ಟೆಬರೆ ಇಡುವ ಅಲಮಾರು, ಅದಕ್ಕೆ ಹಾಕುವ ಚಾವಿ ಎರಡೂ ಪೋರ್ಚುಗೀಸರ ಮಾತುಗಳು. ಮಲೆನಾಡಿನ ಸೊಬಗೆಂದು ನಾವು ಕೊಂಡಾಡುವ ಕೆಂಪು ಹೆಂಚಿನ ಮಾಡು ಸಹ ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದದ್ದು. ಅದಕ್ಕೆ ಮುಂಚೆ ಸಾಮಾನ್ಯ ಗೃಹಸ್ಥರ ಮನೆಗೆ ಹುಲ್ಲಿನ ಹೊದಿಕೆ, ಸೋಗೆಯ ಹೊದಿಕೆ. ಇನ್ನು ಸೋಫಾ ಎಂಬ ಮಾತಿನ ಮೂಲವನ್ನು ಕೇಳಿದರೆ ವಾಚಕರಿಗೆ ಅಚ್ಚರಿಯಾದೀತು. ‘ಸುಫ್ಫ’ ಎಂಬುದು ಅರಬ್ಬೀ ಶಬ್ದ. ಕುಳಿತುಕೊಳ್ಳಲು ನೆಲದಿಂದ ತುಸು ಎತ್ತರಿಸಿ ಕಟ್ಟಿದ ಕಟ್ಟೆ ಎಂದು ಅದರ ಅರ್ಥ. ಎಂದರೆ ನಮ್ಮ ಜಗಲಿ! ಅದು ತುರ್ಕರ ಮೂಲಕ ಯೂರೋಪಿಗೆ ಹೋಗಿ, ಅಲ್ಲಿ ಮೆತ್ತೆಯನ್ನೂ ಬೆನ್ನನ್ನೂ ತೋಳುಗಳನ್ನೂ ಪಡೆದು, ಈಗ ಜಗಲಿಯನ್ನು ಒಡೆದು ಅದೇ ಸ್ಥಳದಲ್ಲಿ ಕುಳಿತುಕೊಳ್ಳಲು ಬಂದಿದೆ.

ಇಟಲಿಯವರು ನಮ್ಮ ಸೀಮೆಯ ಮನೆಗಳ ಒಳಗನ್ನು ಕಂಡದ್ದು ಇಂದು ನಿನ್ನೆಯಲ್ಲ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು ೧೬೨೩ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ಆಗ ಅಲ್ಲಿ ಆಳುತ್ತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಆ ಪ್ರವಾಸಿಯು ತನ್ನ ಪತ್ರಗಳಲ್ಲಿ ಅರಸನ ಓಲಗವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದಾನೆ. ಚಿಕ್ಕ ಅಂಗಳ, ಅದರ ಆಚೆ ನೆಲದಿಂದ ತುಸು ಎತ್ತರವಾದ ಜಗಲಿ, ಅದರ ಮೇಲೆ ಹಲಗೆಗಳಿಂದ ಮಾಡಿ ಚಿನ್ನದ ಬಣ್ಣವಿಟ್ಟ ಮಂಟಪ, ಕೆಳಗೆ ಹಾಸಿದ ಜಮಖಾನವು ತುಸು ಹಳತು. ದೊರೆಯು ಸಣ್ಣ ಮೆತ್ತೆಯೊಂದರ ಮೇಲೆ ಕುಳಿತು ಕಂಬಕ್ಕೆ ಒರಗಿಕೊಂಡಿದ್ದಾನೆ. ಬೆನ್ನ ಹಿಂದೆ ಬಿಳಿಯ ರೇಷ್ಮೆಯ ಎರಡು ದೊಡ್ಡ ದಿಂಬುಗಳು. ಪೋರ್ಚುಗೀಸರೊಡನೆ ಸಮಸಮವಾಗಿ ಮಾತನಾಡಿದ ಅರಸನ ಪೀಠೋಪಕರಣ ಇಷ್ಟೇ. ಜಮಖಾನ ಹಳೆಯದಾಗಿದ್ದುದರಿಂದ ಆತನ ಗೌರವಕ್ಕೆ ಕುಂದೇನೂ ಬಂದಂತಿಲ್ಲ.

ಅದೇ ಪ್ರಯಾಣದಲ್ಲಿ ದೆಲ್ಲಾ ವಾಲ್ಲೆಯ ಮನಸ್ಸನ್ನು ಸೆಳೆದ ಇನ್ನೊಂದು ವಸ್ತುವೆಂದರೆ ಇಲ್ಲಿಯ ಮನೆಗಳ ನೆಲ. ಸಗಣಿಯಿಂದ ಸಾರಿಸಿದ ನೆಲ ನುಣುಪಾಗಿ ಹೊಳೆಯುವುದನ್ನು ಆತ ಮೆಚ್ಚಿಕೊಂಡನು. ಅದು ಕೇವಲ ಮತಾಚಾರವೆಂದು ಮೊದಲು ಎಣಿಸಿದ್ದವನು, ಅಂದಕ್ಕಾಗಿಯೂ ಅಚ್ಚುಕಟ್ಟಿಗಾಗಿಯೂ ಮಾಡುವುದೆಂದು ತಿಳಿದುಕೊಂಡು, ಸ್ವದೇಶಕ್ಕೆ ಮರಳಿದ ಮೇಲೆ ಇಟಲಿಯಲ್ಲಿ ತಾನೂ ಇದನ್ನು ಪ್ರಯೋಗಿಸಿ ನೋಡಬೇಕೆಂದು ಬರೆದಿಟ್ಟನು. ಇಕ್ಕೇರಿಯ ನೆಲವನ್ನು ಇಟಲಿಗೆ ಒಯ್ಯಬೇಕೆಂದು ಆತ ಎಣಿಸಿ ನಾಲ್ಕುನೂರು ವರ್ಷ ಕಳೆದಿವೆ. ಈಗ ಸಾಗರದವರು ಇಟಲಿಯ ನೆಲವನ್ನು ಚದರಡಿಯ ಲೆಕ್ಕದಲ್ಲಿ ಕೊಂಡು ತರುತ್ತಿದ್ದಾರೆ.

ಆಸನಗಳ ವಿಷಯದಲ್ಲಿ ನಮ್ಮ ಪೂರ್ವಿಕರಿಗೆ ಆಸಕ್ತಿಯಿರಲಿಲ್ಲವೆಂದು ಯಾರೂ ತಿಳಿಯಬಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತು ಬಗೆಯ ಉಪಭೋಗಗಳನ್ನು ಹೇಳುವಾಗ ಗೃಹ, ಆಸನ, ಶಯ್ಯೆಗಳಿಗೆ ಬೇರೆ ಬೇರೆ ಸ್ಥಾನಗಳೇ ಇವೆ. ಆದರೆ ಅದು ಅರಮನೆಯ ಮಾತು. ಮಲೆನಾಡಿನ ಗೃಹಸ್ಥರ ಮನೆಯಲ್ಲಿ ನಡೆದುಬಂದ ಪದ್ಧತಿಯ ಮರ್ಮವೇ ಬೇರೆ. ಅಲ್ಲಿ ಸಾಮಾನು ಕಟ್ಟಡದಲ್ಲಿಯೇ ಅಡಗಿರುತ್ತಿತ್ತು. ಕುಳಿತುಕೊಳ್ಳಲು ಜಗಲಿ, ಒರಗಲು ಮುಂಡಿಗೆ, ದೀಪಕ್ಕೆ ಗೋಡೆಯ ಗೂಡು, ಪಾತ್ರೆ ಪುಸ್ತಕಗಳಿಗೆ ನಾಗಂದಿಗೆ, ಭತ್ತಕ್ಕೆ ಪಣತ, ಉಳಿದದ್ದಕ್ಕೆಲ್ಲ ಅಟ್ಟ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋದವರು ಅರಮನೆಯ ಅವಶೇಷದಲ್ಲಿ ಕಟ್ಟೆಗಳನ್ನೂ ಕಂಬ ನಿಂತಿದ್ದ ಕಲ್ಲುಗಳನ್ನೂ ಕಲ್ಲಿನ ಒಲೆಯನ್ನೂ ಇಂದಿಗೂ ನೋಡಬಹುದು. ಮರವೆಲ್ಲ ಅಳಿದುಹೋದರೂ ಎಲ್ಲಿ ಕುಳಿತರು, ಎಲ್ಲಿ ಅಡಿಗೆ ಮಾಡಿದರು ಎಂಬುದನ್ನು ಹೇಳಬಹುದಾದದ್ದು ಕುಳಿತುಕೊಳ್ಳುವ ಸ್ಥಳವು ಕಟ್ಟಡದ ಅಂಗವಾಗಿದ್ದುದರಿಂದಲೇ. ಅಲುಗಾಡುವ ಸಾಮಾನೆಂದರೆ ಚಾಪೆ, ಕಂಬಳಿ, ಮಣೆ, ಗಾದಿ, ಲೋಡು, ಹೆಚ್ಚೆಂದರೆ ಒಂದು ಆರಾಮಕುರ್ಚಿ. ಕೆಲಸ ಮುಗಿದೊಡನೆ ಇವನ್ನು ಸುತ್ತಿಟ್ಟರೆ ಅದೇ ಸ್ಥಳದಲ್ಲಿ ಐವತ್ತು ಜನರ ಪಂಕ್ತಿ ಕೂರಬಹುದಿತ್ತು.

ಇಟಲಿಯ ಭಾಷೆಯಲ್ಲಿ ಪೀಠೋಪಕರಣಗಳಿಗೆ ‘ಮೊಬಿಲಿ’ ಎನ್ನುತ್ತಾರೆ. ಚಲಿಸುವಂಥದು ಎಂದರ್ಥ. ಸ್ಥಾವರ ಜಂಗಮಗಳ ಭೇದವನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಆ ತತ್ತ್ವವನ್ನು ಸೋಫಾಸೆಟ್ಟಿನವರೆಗೆ ಎಳೆದು ತರುವ ಇಚ್ಛೆಯೂ ನಮಗಿಲ್ಲ. ಆದರೂ ಗೃಹಾಲಂಕಾರದಲ್ಲಿ ತಲೆದೋರುವ ತೊಡಕೆಲ್ಲ ಇಲ್ಲಿಯೇ ಇದೆ. ಚಲಿಸಬಲ್ಲದ್ದು ಚಲಿಸದುದಕ್ಕೆ ಹೊಂದಿಕೊಳ್ಳಬೇಕೇ ಹೊರತು, ಇಂದು ತಂದು ನಾಳೆ ಬದಲಿಸುವ ಕುರ್ಚಿಗಾಗಿ ಮೂರು ತಲೆಮಾರಿನ ಕಂಬವನ್ನು ಕೀಳುವುದು ಯಾವ ದೇಶದ ಶಾಸ್ತ್ರಕ್ಕೂ ಸಮ್ಮತವಲ್ಲ. ಇಟಲಿಯ ಶಾಸ್ತ್ರಕ್ಕೂ ಸಮ್ಮತವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಏಕೆಂದರೆ ಯೂರೋಪಿನ ಉತ್ತಮ ಪೀಠೋಪಕರಣಗಳ ಚರಿತ್ರೆಯನ್ನು ನೋಡಿದರೆ ಅಲ್ಲಿ ಕಾಣುವುದು ಆಡಂಬರವಲ್ಲ, ಮಿತವ್ಯಯ. ವಿಯೆನ್ನಾದ ಥೋನೆಟ್ ಸಂಸ್ಥೆಯು ೧೮೫೯ರಲ್ಲಿ ಹೊರತಂದ ಹದಿನಾಲ್ಕನೆಯ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆವಿಯಲ್ಲಿ ಬಗ್ಗಿಸಿದ ಆರು ಮರದ ತುಂಡುಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು. ಬಿಡಿಸಿ ಜೋಡಿಸಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿ ಹಿಡಿಯುತ್ತಿದ್ದವು. ಇಟಲಿಯ ಕಡಲತೀರದ ಕಿಯಾವರಿ ಎಂಬ ಊರಿನ ಬಡಗಿಗಳು ಮಾಡುತ್ತಿದ್ದ ಹಗುರವಾದ ಕುರ್ಚಿಯನ್ನೇ ಆಧಾರವಾಗಿಟ್ಟುಕೊಂಡು ಮಿಲಾನಿನ ಶಿಲ್ಪಿ ಜಿಯೋ ಪೊಂತಿ ೧೯೫೭ರಲ್ಲಿ ಒಂದು ಕುರ್ಚಿಯನ್ನು ರೂಪಿಸಿದನು. ಕಸ್ಸೀನಾ ಸಂಸ್ಥೆ ತಯಾರಿಸಿದ ಅದರ ತೂಕ ೧.೭ ಕಿಲೋಗ್ರಾಂ. ಸಣ್ಣ ಹುಡುಗನೂ ಒಂದೇ ಬೆರಳಿನಲ್ಲಿ ಎತ್ತಬಹುದು. ಕೂರುವ ಜಾಗಕ್ಕೆ ಬೆತ್ತದ ಹೆಣಿಗೆ. ಆ ಬೆತ್ತ ಯೂರೋಪಿನಲ್ಲಿ ಬೆಳೆಯುವುದಿಲ್ಲ. ಅದು ಏಷ್ಯಾದ ಕಾಡುಗಳಿಂದಲೇ ಅಲ್ಲಿಗೆ ಹೋಗಬೇಕು. ಮಿಲಾನಿನಲ್ಲಿ ೧೯೬೧ರಿಂದ ನಡೆದುಬಂದಿರುವ ಪೀಠೋಪಕರಣಗಳ ಮೇಳ ಇಡೀ ಜಗತ್ತಿಗೆ ಮಾದರಿ ಎನಿಸಿಕೊಂಡದ್ದು ಇಂಥ ವಿವೇಕದಿಂದ. ನಮ್ಮ ಪೇಟೆಗಳಲ್ಲಿ ಇಟಾಲಿಯನ್ ಎಂಬ ಹೆಸರಿನಲ್ಲಿ ಮಾರಾಟವಾಗುವುದಾದರೋ ಆನೆಯಂಥ ಸೋಫಾ. ಅದನ್ನು ಒಂದು ಬಾರಿ ಒಳಗೆ ತಂದರೆ ಮತ್ತೆ ಕಸ ಗುಡಿಸಲು ಸರಿಸುವುದಕ್ಕೂ ನಾಲ್ವರು ಬೇಕು.

ಇನ್ನು ಮಲೆನಾಡಿನ ಮಳೆಯ ಮಾತು. ಇದನ್ನು ತುಸು ವಿಸ್ತರಿಸಿ ಹೇಳಬೇಕು. ಏಕೆಂದರೆ ಮಾರುವವರು ಇದನ್ನು ಹೇಳುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಿಲಾನಿನಲ್ಲಿ ಸುಮಾರು ೧೦೦೦. ಅಲ್ಲಿಯ ಗಾಳಿಗೆ ಒಣಗಿಸಿ ಜೋಡಿಸಿದ ಮರ ನಮ್ಮ ಆಷಾಢದ ಗಾಳಿಯಲ್ಲಿ ನೀರು ಕುಡಿದು ಉಬ್ಬುತ್ತದೆ, ಮಾಘದಲ್ಲಿ ಕುಗ್ಗುತ್ತದೆ. ಗಟ್ಟಿಮರವಾದರೆ ಇಷ್ಟನ್ನು ತಾಳಿಕೊಂಡೀತು. ಆದರೆ ಅಗ್ಗದ ಸಾಮಾನುಗಳೆಲ್ಲ ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು. ಅಂಚಿನ ಹೊದಿಕೆ ಒಂದೆಡೆ ಬಿಟ್ಟುಕೊಂಡರೆ ಸಾಕು, ಒಳಗೆ ತೇವ ನುಗ್ಗಿ ಹಲಗೆ ರೊಟ್ಟಿಯಂತೆ ಊದಿಕೊಳ್ಳುತ್ತದೆ. ತಿರುಪುಮೊಳೆ ಹಿಡಿತ ತಪ್ಪುತ್ತದೆ. ಒಮ್ಮೆ ಊದಿದ್ದು ಮತ್ತೆ ಕೂಡುವುದಿಲ್ಲ. ಇಂಥ ಕಪಾಟುಗಳು ಎರಡು ಮೂರು ಮಳೆಗಾಲಗಳಲ್ಲಿಯೇ ಬಾಗಿಲು ಮುಚ್ಚದಂತಾದುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ಗೆದ್ದಲಿನ ಮಾತಂತೂ ಬೇಡವೇ ಬೇಡ.

ಚರ್ಮದ ಸೋಫಾ ಇಟ್ಟುಕೊಳ್ಳಬಹುದೇ ಎಂದು ನಮ್ಮನ್ನು ಕೇಳುವವರುಂಟು. ಹರಳಯ್ಯನವರನ್ನು ಶರಣರೆಂದು ನಮಿಸುವ ನಾವು ಚರ್ಮದ ಕಾಯಕವನ್ನು ಕೀಳೆನ್ನುವಂತಿಲ್ಲ. ಹಾಗೆನ್ನುವವರ ಮಾತಿಗೆ ಸೊಪ್ಪು ಹಾಕಲೂಬೇಡಿ. ಆದರೆ ಆಹಾರದಲ್ಲಿ ಹಿಂಸೆಯನ್ನು ವರ್ಜಿಸಿದ ಮನೆಯಲ್ಲಿ ಕೇವಲ ಅಂದಕ್ಕಾಗಿ ಹಲವು ಕರುಗಳ ತೊಗಲು ಹಾಸಿ ಕುಳಿತುಕೊಳ್ಳುವುದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಅವರವರೇ ವಿಚಾರಿಸಿಕೊಳ್ಳಬೇಕು. ಅದಕ್ಕಿಂತ ಮೊದಲು ಬರುವ ತೊಂದರೆ ಬೂಷ್ಟು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬಿಸಿಲು ಕಾಣದ ಕೋಣೆಯಲ್ಲಿ ಚರ್ಮದ ಮೇಲೆ ಬಿಳಿಯ ಬೂಷ್ಟು ಹಿಡಿಯದೆ ಇರದು. ಪೇಟೆಯಲ್ಲಿ ಚರ್ಮದಂತೆಯೇ ಕಾಣುವ ಇನ್ನೊಂದು ಹೊದಿಕೆಯಿದೆ. ಬಟ್ಟೆಯ ಮೇಲೆ ಪಾಲಿಯುರಿಥೇನ್ ಎಂಬ ಪದಾರ್ಥವನ್ನು ಲೇಪಿಸಿ ಮಾಡಿದ್ದು. ತೇವ ತಗುಲಿ ಆ ಲೇಪ ಕೆಲವೇ ವರ್ಷಗಳಲ್ಲಿ ಸುಲಿದು ಬರುತ್ತದೆ.

ಮಾರ್ಬಲ್ ಎಂಬುದು ಸುಣ್ಣದ ಜಾತಿಯ ಕಲ್ಲು. ಹುಳಿ ಬಿದ್ದಲ್ಲಿ ಅದರ ಹೊಳಪು ತಿಂದುಹೋಗುತ್ತದೆ. ನಿಂಬೆ, ಮುರುಗಲು, ಅಪ್ಪೆಮಿಡಿಗಳಿಲ್ಲದ ಮಲೆನಾಡಿನ ಅಡಿಗೆಯುಂಟೇ? ಅದರ ಮೇಲೆ ಅಡಕೆಯ ಸುಗ್ಗಿಯಲ್ಲಿ ಚೊಗರಿನ ಕೈ, ಚೊಗರಿನ ಕಾಲು. ಆ ಕಲೆ ಬಿಳಿಯ ಕಲ್ಲಿನೊಳಗೆ ಇಳಿದರೆ ಹೋಗುವುದಿಲ್ಲ. ಕೆಂಪು ಗಾರೆಯನ್ನೋ ಮಣ್ಣಿನ ಬಿಲ್ಲೆಯನ್ನೋ ನಮ್ಮ ಹಿರಿಯರು ಹಾಕಿಸಿದ್ದು ಹಣವಿಲ್ಲದುದರಿಂದ ಮಾತ್ರವಲ್ಲ.

ಚಂಡೀಗಡದ ಕುರ್ಚಿಗಳ ಕಥೆಯನ್ನು ಇಲ್ಲಿ ಹೇಳಲೇಬೇಕು. ಆ ನಗರವನ್ನು ಕಟ್ಟುವಾಗ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪಿಯೇರ್ ಜಾನ್ನರೆ ೧೯೫೦ರ ದಶಕದಲ್ಲಿ ಸರಕಾರಿ ಕಚೇರಿಗಳಿಗಾಗಿ ತೇಗದ ಮರ, ಬೆತ್ತದ ಹೆಣಿಗೆಗಳ ಕುರ್ಚಿಗಳನ್ನು ರೂಪಿಸಿದನು. ಯೋಜನೆ ಯೂರೋಪಿನದು, ಮರವೂ ಬಡಗಿಗಳೂ ಇಲ್ಲಿಯವರು. ಕಾಲಾಂತರದಲ್ಲಿ ಹೊಸ ಸ್ಟೀಲ್ ಕುರ್ಚಿಗಳು ಬಂದವು. ಹಳೆಯವು ಮುರುಕು ಸಾಮಾನೆಂದು ಹರಾಜಾದವು. ಅಗ್ಗದ ಬೆಲೆಗೆ ಕೊಂಡ ವಿದೇಶೀ ವ್ಯಾಪಾರಿಗಳು ಅವನ್ನು ಯೂರೋಪು ಅಮೆರಿಕಗಳ ಹರಾಜುಕಟ್ಟೆಗಳಲ್ಲಿ ಲಕ್ಷಾಂತರ ರೂಪಾಯಿಗೆ ಮಾರಿದರು. ಕೊನೆಗೆ ೨೦೧೧ರಲ್ಲಿ ಕೇಂದ್ರದ ಗೃಹಖಾತೆ ಇವುಗಳ ಮಾರಾಟಕ್ಕೆ ತಡೆ ಹಾಕಬೇಕಾಯಿತು. ಸರಕಾರಕ್ಕಾದರೂ ಆಜ್ಞೆ ಹೊರಡಿಸುವ ಅಧಿಕಾರವಿತ್ತು. ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆಗಳ ಸುಳಿವು ಹಿಡಿದು ಬರುವ ವ್ಯಾಪಾರಿಗಳನ್ನು ಯಾರು ತಡೆಯಬೇಕು? ಮುಂಡಿಗೆ, ತೂಗುಮಂಚ, ಹೆಬ್ಬಾಗಿಲಿನ ಚೌಕಟ್ಟು, ಬೀಟೆಯ ಪೆಟ್ಟಿಗೆ ಇವೇ ಅವರಿಗೆ ಬೇಕು. ಬೀಟೆಯ ಮರ ತಮ್ಮ ಹಿತ್ತಿಲಲ್ಲಿಯೇ ಬೆಳೆದಿದ್ದರೂ ಇಂದು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ೨೦೧೭ರಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಎಂದ ಮೇಲೆ ಅಜ್ಜನ ಕಾಲದ ಬೀಟೆಯ ಮಂಚವನ್ನು ಕೊಟ್ಟುಬಿಟ್ಟರೆ ಯಾವ ಹಣದಿಂದಲೂ ಅಂಥದನ್ನು ಮತ್ತೆ ಮಾಡಿಸಲಾಗದು.

ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಚೌಕಿಯ ಹಳೆಯ ಮನೆ. ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ. ಹಬ್ಬಕ್ಕೆ ಬಂದಾಗ ಅನುಕೂಲವಾಗಲೆಂದು ಹಣ ಕೂಡಿಸಿ ಮನೆಯನ್ನು ಹೊಸದು ಮಾಡಿಸಲು ಹೊರಟಿದ್ದರು. ವ್ಯಾಪಾರಿಯೊಬ್ಬ ಚೌಕಿಯ ಕಂಬಗಳಿಗೆ ಬೆಲೆ ಕಟ್ಟಿ ಹೋಗಿದ್ದ. ನಾವು ಹೋದ ದಿನ ಹಿರಿಯ ಸೊಸೆ ಬಂದು ನಮಸ್ಕರಿಸಿ, “ಶಾಸ್ತ್ರಿಗಳೇ, ಈ ಕಂಬಗಳ ನಡುವೆ ಸೋಫಾ ಹಿಡಿಸೋದೇ ಇಲ್ಲ. ಅಳತೆ ಮಾಡಿಸಿ ನೋಡಿಯಾಯ್ತು. ನೀವೇ ನಮ್ಮ ಅತ್ತೆಯವರಿಗೆ ಒಂದು ಮಾತು ಹೇಳಬೇಕು” ಎಂದಳು. ಒಳಗಿನಿಂದ ಅತ್ತೆಯ ಧ್ವನಿ ಕೇಳಿಸಿತು: “ಕಂಬ ಮೊದಲು ಬಂದದ್ದು ಕಣಮ್ಮಾ. ಸೋಫಾ ಅಲ್ವಾ ಆಮೇಲೆ ಬಂದದ್ದು?” ನಾವು ಹೇಳಬೇಕಾದುದು ಏನೂ ಉಳಿಯಲಿಲ್ಲ. ಆ ಸೊಸೆಯೂ ಜಾಣೆ. ಸಿಟ್ಟಾಗದೆ ಫೋನಿನಲ್ಲಿದ್ದ ಚಿತ್ರವನ್ನು ಊರಿನ ಆಚಾರ್ರಿಗೆ ತೋರಿಸಿದಳು. ಅವರು ಕಂಬಗಳ ನಡುವಿನ ಅಂತರಕ್ಕೆ ಸರಿಯಾಗಿ, ಬಿಚ್ಚಿದ ಕೊಟ್ಟಿಗೆಯ ತೊಲೆಗಳಿಂದಲೇ ಎರಡು ಉದ್ದನೆಯ ಆಸನಗಳನ್ನು ಮಾಡಿಕೊಟ್ಟರು. ಬೆನ್ನಿಗೆ ಬೆತ್ತದ ಹೆಣಿಗೆ, ಕೆಳಗೆ ಗುಡಿಸಲು ಪೊರಕೆ ಹೋಗುವಷ್ಟು ಎತ್ತರ, ಮೇಲೆ ತೆಗೆದು ಬಿಸಿಲಿಗೆ ಹಾಕಬಹುದಾದ ಹತ್ತಿಯ ಮೆತ್ತೆಗಳು. ನೋಡಿದವರು ಯಾವ ಅಂಗಡಿಯದೆಂದು ಕೇಳುತ್ತಾರೆ. ರೇಖೆ ಇಟಲಿಯದೇ, ಸಂದೇಹವಿಲ್ಲ.

ಮನೆ ಕಟ್ಟಿಸುವವರು, ಹೊಸದು ಮಾಡಿಸುವವರು ಕೆಲವು ಸ್ಥಳಗಳನ್ನು ಒಮ್ಮೆ ನೋಡಿಕೊಂಡು ಬಂದರೆ ಒಳ್ಳೆಯದು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಮೂರಂತಸ್ತಿನ ಆ ಚೌಕಿಮನೆಯಲ್ಲಿ ಬೆಳಕು ಎಲ್ಲಿಂದ ಬರುತ್ತದೆ, ಕುಳಿತವರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೂಡಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಎಲ್ಲೆಲ್ಲಿಯೋ ಬಿಚ್ಚಿ ಹಾಕುತ್ತಿದ್ದ ಮನೆಗಳನ್ನು ತಂದು ಮತ್ತೆ ನಿಲ್ಲಿಸಿದ್ದಾರೆ. ವೀರಶೈವ ಜಂಗಮ ಮಠವೊಂದರ ಕಟ್ಟಡವೂ ಅಲ್ಲಿದೆ. ಶೆಣೈಯವರು ೨೦೧೭ರಲ್ಲಿ ನಿಧನರಾದರು. ಒಬ್ಬ ಗೃಹಸ್ಥರು ಇಷ್ಟನ್ನು ಉಳಿಸಿದರೆಂಬುದು ನೆನೆದಷ್ಟೂ ಆಶ್ಚರ್ಯ.

ಪೂಜೆಯ ಸ್ಥಳದ ಮಾತನ್ನೂ ಮರೆಯಬಾರದು. ಇಷ್ಟಲಿಂಗ ಪೂಜೆಗೆ ದೊಡ್ಡ ಕೋಣೆ ಬೇಕಾಗಿಲ್ಲ. ಒಂದು ಮಣೆ, ಒಂದು ದೀಪ, ಮೂರಡಿ ಚದರದ ನಿಶ್ಶಬ್ದ ಸಾಕು. ಹೊಸ ಮನೆಗಳ ತೆರೆದ ಹಾಲಿನಲ್ಲಿ ಟೀವಿಗೆ ಒಂದು ಗೋಡೆ, ಸೋಫಾಕ್ಕೆ ಎರಡು ಗೋಡೆ, ಬಾಗಿಲಿಗೆ ಒಂದು ಗೋಡೆ ಹೋದ ಮೇಲೆ ಈ ಮೂರಡಿಯೇ ಸಿಗುವುದಿಲ್ಲ. ಅಜ್ಜಿ ಮಂಚದ ತುದಿಯಲ್ಲಿ ಕುಳಿತು ಪೂಜಿಸಿಕೊಳ್ಳುತ್ತಾಳೆ. ನಕ್ಷೆ ಬರೆಸುವಾಗ ಮೊದಲು ಈ ಮೂಲೆಯನ್ನು ಗುರುತು ಮಾಡಿ ಅನಂತರ ಸೋಫಾದ ಅಳತೆ ಹಿಡಿಯಿರಿ. ಹಾಗೆಂದು ಮೊಣಕಾಲು ನೋವಿನ ಹಿರಿಯರನ್ನು ನೆಲದ ಮೇಲೆಯೇ ಕೂರಿಸಬೇಕೆಂಬ ಹಟ ಬೇಡ. ಅವರಿಗೆ ಕುರ್ಚಿಯೇ ಬೇಕು, ಅದೂ ನೆಟ್ಟಗಿನ ಬೆನ್ನು, ಹಿಡಿದು ಏಳಲು ಗಟ್ಟಿಯಾದ ತೋಳು, ಒಂದೂವರೆ ಅಡಿ ಎತ್ತರವಿರುವ ಕುರ್ಚಿ. ಚಿತ್ರದ ಪುಸ್ತಕದಲ್ಲಿ ಅಂದವಾಗಿ ಕಾಣುವ ತಗ್ಗಾದ, ಆಳವಾದ ಸೋಫಾದಲ್ಲಿ ಒಮ್ಮೆ ಕುಳಿತ ಹಿರಿಯರನ್ನು ಎಬ್ಬಿಸಲು ಮೊಮ್ಮಕ್ಕಳು ಬರಬೇಕಾಗುತ್ತದೆ.

ಗೋಡೆಗೆ ಹೊರದೇಶದ ಕಾಗದ ಅಂಟಿಸುವವರು ಸಾಗರದ ಸುತ್ತಮುತ್ತ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿದ್ದಾರೆಯೇ? ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಯ ಬಿಳುಪು, ಪುಂಡಿನಾರಿನ ಕುಂಚ. ಆ ಗೆರೆಗಳ ಲೆಕ್ಕಾಚಾರದ ಮುಂದೆ ಯೂರೋಪಿನ ನವ್ಯರೂ ತಲೆದೂಗಬೇಕು. ಯೋಗ್ಯ ಸಂಭಾವನೆ ಕೊಟ್ಟು ಒಂದು ಗೋಡೆಗೆ ಬರೆಸಿದರೆ ಬೂದುಬಣ್ಣದ ಸೋಫಾಕ್ಕೂ ಕಳೆ ಬರುತ್ತದೆ. ಮೆತ್ತೆಯ ಬಟ್ಟೆಗೆ ಹೆಗ್ಗೋಡಿನ ಚರಕದಂಥ ಕೈಮಗ್ಗದ ಸಂಸ್ಥೆಗಳು ಹತ್ತಿರದಲ್ಲಿವೆ. ಸಾಗರ, ಸೊರಬಗಳ ಗುಡಿಗಾರರ ಕೈಯಲ್ಲಿ ಶಿವನೆ ಮರದ ಒಂದು ಸಣ್ಣ ಫಲಕ ಮಾಡಿಸಿ ಬಾಗಿಲ ಮೇಲಿಟ್ಟರೆ ಅಂಗಡಿಯ ಪ್ಲಾಸ್ಟಿಕ್ ಹೂಗುಚ್ಛದ ಅಗತ್ಯ ಬೀಳದು.

ಖರ್ಚಿನ ಮಾತನ್ನು ಬಿಡುವಂತಿಲ್ಲ. ಅಡಕೆಗೆ ಬೆಲೆ ಬಂದ ವರ್ಷ ಕಂತಿನ ಮೇಲೆ ಸಾಮಾನು ತರುವುದು ಸುಲಭ. ಈಚಿನ ವರ್ಷಗಳಲ್ಲಿ ಈ ಮೂರೂ ತಾಲ್ಲೂಕುಗಳ ತೋಟಗಳಿಗೆ ಎಲೆಚುಕ್ಕಿ ರೋಗ ಬಂದು ಹಲವು ಮನೆಗಳ ಫಸಲು ಅರ್ಧಕ್ಕಿಳಿದಿದೆ. ಕಂತು ಮಾತ್ರ ಅರ್ಧಕ್ಕಿಳಿಯುವುದಿಲ್ಲ. ಮಗಳ ಮದುವೆಗೆಂದು ಇಟ್ಟ ಹಣ ಬೀಗರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಸೋಫಾಕ್ಕೆ ಹೋದ ಮನೆಗಳನ್ನೂ ನಾವು ಬಲ್ಲೆವು. ಅಂಥ ಮನೆಗಳ ಅಟ್ಟವನ್ನು ಹತ್ತಿ ನೋಡಿದರೆ ಹೊಗೆ ಹಿಡಿದ ಹಲಸಿನ ಹಲಗೆ, ಹೊನ್ನೆಯ ತುಂಡು, ಕಾಲು ಮುರಿದ ಬೆತ್ತದ ಕುರ್ಚಿ ಬಿದ್ದಿರುತ್ತವೆ. ಮಳೆಗಾಲದಲ್ಲಿ ಆಚಾರ್ರಿಗೂ ಬಿಡುವಿರುತ್ತದೆ. ಮುಂಗಾರಿಗೆ ಮೊದಲೇ ಮರವನ್ನು ಇಳಿಸಿ, ಗೆದ್ದಲು ನೋಡಿ, ನೆರಳಿನಲ್ಲಿ ಒಣಗಲು ಇಟ್ಟಿರಬೇಕು, ಅಷ್ಟೇ.